ಮೈತೆನ್ ಮರದ ಕೆಳಗಿನ ಜಾಗ

ಕೈವಾರದ ಮುಳ್ಳನ್ನು ನಕ್ಷೆಯಲ್ಲಿದ್ದ ಅಡುಗೆಮನೆಯ ಕಿಟಕಿಯ ಗುರುತಿನ ಮೇಲೆ ಊರಿ ಮಿರೇಯಾ ಇನ್ನೊಂದು ವೃತ್ತ ಎಳೆದಳು. ತೆಳು ಹಾಳೆಯ ಮೇಲೆ ಆಗಲೇ ಎಳೆದ ವೃತ್ತಗಳು ಒಂದರ ಮೈಮೇಲೊಂದು ಬಿದ್ದು, ಮಳೆ ಹನಿಯುವಾಗಿನ ಕೊಳದಂತೆ ಕಾಣುತ್ತಿದ್ದವು. ಮೇಜಿನ ಆಚೆ ಬದಿಯಲ್ಲಿ ಪ್ರಮಾಣಪತ್ರದ ಕಡತ ನೋಡಿಕೊಳ್ಳಲು ಸಾಂತಿಯಾಗೊದಿಂದ ಬಂದ ತರುಣ ಇಗ್ನಾಸಿಯೊ ಟೀ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ.

“ಕಂಪ್ಯೂಟರ್ ಇದನ್ನ ಒಂದು ಕ್ಷಣದಲ್ಲಿ ಎಳೀತಿತ್ತು, ಸೆನ್ಯೊರಾ ಮಿರೇಯಾ,” ಅಂದ.

“ಎಳೀತಿತ್ತು. ನಾನು ನಂಬ್ತಿರಲಿಲ್ಲ, ಅಷ್ಟೆ. ನೀನು ಟೀ ಕುಡಿಯಪ್ಪ, ಆರಿಹೋಗತ್ತೆ.”

ತೋಮೆ ಪಟ್ಟಣದ ಮೇಲಿನ ಗುಡ್ಡದಲ್ಲಿದ್ದ ಆ ಮಾನಸಿಕ ಆಸ್ಪತ್ರೆಗೆ ಐದು ಹಳೆಯ ಕಟ್ಟಡಗಳಿದ್ದವು; ಆರನೆಯದು ಏಳುತ್ತಿತ್ತು. ಆರೂ ಒಂದೇ ನೆಲದ ಮೇಲೆ ನಿಂತಿದ್ದರಿಂದ ಪರಿಸರಕ್ಕೆ ಹೊರೆಯಾಗದ ಕಟ್ಟಡಗಳಿಗೆ ಕೊಡುವ ಹಸಿರು ಪ್ರಮಾಣಪತ್ರವನ್ನು ಎಲ್ಲಕ್ಕೂ ಒಟ್ಟಿಗೇ ಕೇಳಿದ್ದರು. ತೋಟ, ಮಳೆನೀರಿನ ತೊಟ್ಟಿ, ಕಾರು ನಿಲ್ಲಿಸುವ ಜಾಗ, ಇವೆಲ್ಲ ಆರಕ್ಕೂ ಸೇರಿ ಒಂದೇ ಸಲ ಲೆಕ್ಕಕ್ಕೆ ಬರುತ್ತಿದ್ದವು. ಒಬ್ಬರ ಮರ ಎಲ್ಲರ ಮರ. ಹಾಗೆಯೇ ಒಬ್ಬರ ತಪ್ಪು ಎಲ್ಲರ ತಪ್ಪು. ಕಾಮಗಾರಿ ವಿಭಾಗದ ಮುಖ್ಯಸ್ಥ ದೋನ್ ಉಂಬೆರ್ತೊ ಇದನ್ನು ತನ್ನ ಹಳ್ಳಿಯ ಮಾತಿನಲ್ಲಿ ಹೇಳುತ್ತಿದ್ದ: “ಆರು ಎತ್ತಿಗೆ ಒಂದೇ ನೊಗ. ಒಂದು ಮಲಗಿದ್ರೆ ಗಾಡಿ ನಿಂತ್ಹಾಗೆ.” ಗಾಡಿ ಮುಂದೆ ಹೋದರೆ ಮಾತ್ರ ಹಳೆಯ ಕಟ್ಟಡಗಳಿಗೆ ಹೊಸ ಕಿಟಕಿ, ಹೊಸ ಶಾಖದ ಕೊಳವೆ ಬರುವುದಿತ್ತು. ಮೂರನೇ ಕಟ್ಟಡದ ಮುದುಕಿಯರು ಹಿಂದಿನ ಚಳಿಗಾಲ ಪೂರ್ತಿ ಟೋಪಿ ಹಾಕಿಕೊಂಡೇ ಮಲಗಿದ್ದರು.

ಪ್ರಮಾಣಪತ್ರ ಕೊಡುವವರ ನೂರು ಷರತ್ತುಗಳಲ್ಲಿ ಹೊಗೆಯದೂ ಒಂದು. ಯಾವ ಬಾಗಿಲು, ತೆರೆಯಬಲ್ಲ ಯಾವ ಕಿಟಕಿ, ಯಾವ ಗಾಳಿಕಿಂಡಿಯಿಂದಲೂ ಏಳೂವರೆ ಮೀಟರಿನೊಳಗೆ ಯಾರೂ ಸಿಗರೇಟು ಸೇದುವಂತಿಲ್ಲ. ಬಯಲಿನಲ್ಲಿ ನಿಂತ ಒಂಟಿ ಕಟ್ಟಡಕ್ಕೆ ಇದೊಂದು ವಿಷಯವೇ ಅಲ್ಲ. ಆದರೆ ಗುಡ್ಡದ ತಲೆಯ ಮೇಲೆ ಆರು ಕಟ್ಟಡಗಳು ಕೋಳಿಮರಿಗಳ ಹಾಗೆ ಒತ್ತಿಕೊಂಡಿದ್ದಾಗ ಒಂದರ ವೃತ್ತ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತಿತ್ತು.

ಕೊನೆಯ ವೃತ್ತವನ್ನೂ ಎಳೆದು ಮಿರೇಯಾ ಕನ್ನಡಕ ಸರಿಮಾಡಿಕೊಂಡಳು. ಹಾಳೆಯ ನಡುವೆ, ಯಾವ ವೃತ್ತವೂ ಮುಟ್ಟದ, ಬಾದಾಮಿ ಆಕಾರದ ಒಂದು ಬಿಳಿ ಜಾಗ ಉಳಿದಿತ್ತು. ಅದನ್ನು ಬಿಟ್ಟರೆ ಉಳಿದದ್ದು ಕಂದರದ ಅಂಚು. ಅಲ್ಲಿ ಮೇಕೆಯೂ ನಿಲ್ಲಲಾರದು. ಬಿಳಿ ಜಾಗದ ಮಧ್ಯೆ ಸಣ್ಣ ಹಸಿರು ಚುಕ್ಕಿಯೊಂದಿತ್ತು. ಅದು ಅಂಗಳದ ಹಳೆಯ ಮೈತೆನ್ ಮರ.

ಇಗ್ನಾಸಿಯೊ ಬಗ್ಗಿ ನೋಡಿದ. “ಸಾಕಲ್ಲ. ಒಂದು ಬೆಂಚು, ಒಂದು ಮರಳಿನ ಬಕೆಟ್ಟು, ಒಂದು ಫಲಕ. ಇಲ್ಲಿ ಸೇದಬಹುದು.”

ಮಿರೇಯಾ ಕೈವಾರವನ್ನು ಮಡಚಿಟ್ಟಳು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು, ಬ್ರೆಡ್ಡಿನ ತಟ್ಟೆಯನ್ನು ಅವನತ್ತ ಸರಿಸಿದಳು.

ನಾಲ್ಕು ಗಂಟೆಯ ಸಿಗರೇಟು ಆ ಆಸ್ಪತ್ರೆಯಲ್ಲಿ ಯಾವ ಔಷಧಕ್ಕಿಂತಲೂ ಹಳೆಯದು. ರೋಗಿಗಳ ಕೈಗೆ ಬೆಂಕಿ ಕೊಡುವಂತಿರಲಿಲ್ಲ. ಆದ್ದರಿಂದ ಆಯಾ ಇಲ್ದಾ ಮರದ ಕೆಳಗೆ ನಿಂತು, ಏಪ್ರನ್ನಿನ ಜೇಬಿನಿಂದ ಒಂದೊಂದೇ ಸಿಗರೇಟು ತೆಗೆದು, ತಾನೇ ಹೊತ್ತಿಸಿ, ಒಬ್ಬೊಬ್ಬರ ಬೆರಳ ನಡುವೆ ಇಡುತ್ತಿದ್ದಳು. ತಾನು ಮಾತ್ರ ಸೇದುತ್ತಿರಲಿಲ್ಲ. ಹೊತ್ತಿಸಲು ಎಳೆದ ಆ ಒಂದು ದಮ್ಮಿಗೇ ದಿನವೂ ಕೆಮ್ಮುತ್ತಿದ್ದಳು. ಕೈ ನಡುಗುವವರ ಮಣಿಕಟ್ಟನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಎಲ್ಲರಿಗೂ ಅವಳು ‘ತಿಯಾ’, ಅತ್ತೆ.

ಅಲ್ಲಿ ಸೇರುತ್ತಿದ್ದ ಗಂಡಸರಲ್ಲಿ ನಿಬಾಲ್ದೊ ಒಬ್ಬ, ಮಿರೇಯಾಳ ಅಣ್ಣ. ಹರೆಯದಲ್ಲಿ ಉಣ್ಣೆ ಗಿರಣಿಯ ಮಗ್ಗದ ಮುಂದೆ ಕೆಲಸ ಮಾಡುತ್ತಿದ್ದವನು ಒಂದು ದಿನ ಮಗ್ಗ ನಿಲ್ಲಿಸಿ ಮಾತನ್ನೂ ನಿಲ್ಲಿಸಿದ್ದ. ಅವನನ್ನು ಇಲ್ಲಿ ಸೇರಿಸಿದ ಮೇಲೆ ಮಿರೇಯಾ ಕೊನ್ಸೆಪ್ಸಿಯೊನ್‌ನ ಒಳ್ಳೆಯ ಕೆಲಸ ಬಿಟ್ಟು ಇದೇ ಆಸ್ಪತ್ರೆಯಲ್ಲಿ ನಕ್ಷೆ ಬರೆಯುವವಳಾಗಿ ಸೇರಿಕೊಂಡಳು. ದಿನವಿಡೀ ಕಲ್ಲಿನಂತೆ ಕೂತಿರುತ್ತಿದ್ದ ನಿಬಾಲ್ದೊ ಸಿಗರೇಟು ಉರಿಯುವಷ್ಟು ಹೊತ್ತು ಮಾತ್ರ ಮಾತಾಡುತ್ತಿದ್ದ. ಯಾಕೆಂದು ಡಾಕ್ಟರಿಗೂ ತಿಳಿದಿರಲಿಲ್ಲ. ಬೆಂಕಿ ತುದಿಗೆ ಬಂದರೆ ಮಾತು ಅಲ್ಲಿಗೇ, ವಾಕ್ಯದ ನಡುವೆಯೇ ನಿಲ್ಲುತ್ತಿತ್ತು. ಮಾರನೇ ದಿನ ನಾಲ್ಕಕ್ಕೆ, ನಿಂತ ಪದದಿಂದಲೇ ಮುಂದಕ್ಕೆ ಹೊರಡುತ್ತಿತ್ತು.

ಅವನು ಹೇಳುತ್ತಿದ್ದದ್ದೆಲ್ಲ ಅಮ್ಮನ ಸುದ್ದಿ. ಅಮ್ಮ ತೀರಿಕೊಂಡಾಗ ಮಿರೇಯಾಗೆ ನಾಲ್ಕು ವರ್ಷ, ಅವನಿಗೆ ಹನ್ನೆರಡು. ಸಾಕಿದ ಅಜ್ಜಿ ಸತ್ತ ಮಗಳ ಹೆಸರೆತ್ತುತ್ತಿರಲಿಲ್ಲ. ಇದ್ದ ಎರಡು ಫೋಟೋಗಳನ್ನು ಭೂಕಂಪದ ರಾತ್ರಿ ಬಂದ ಸಮುದ್ರ ಒಯ್ದಿತು. ಈಗ ಅಮ್ಮ ಉಳಿದಿದ್ದದ್ದು ಅಣ್ಣನ ತಲೆಯೊಳಗೆ, ಅದೂ ಹೊಗೆ ಇರುವಷ್ಟು ಹೊತ್ತು.

“ಅವಳು ಬಟಾಣಿ ಬಿಡಿಸ್ತಾ ಇದ್ರೆ ಎರಡು ಪಾತ್ರೆಗೆ, ಒಂದು ಬಾಯಿಗೆ,” ಎನ್ನುತ್ತಿದ್ದ ನಿಬಾಲ್ದೊ, ದೂರದ ಕೊಲ್ಲಿಯನ್ನು ನೋಡುತ್ತ. “ಅಜ್ಜಿ ಬೈದ್ರೆ ನಿನ್ನ ಮೇಲೆ ಹಾಕೋಳು. ನಿಂಗೆ ಆಗಿನ್ನೂ ಹಲ್ಲೇ ಬಂದಿರಲಿಲ್ಲ, ಮಿರಿ.”

ವೃತ್ತಗಳ ಹಾಳೆ ಕಡತ ಸೇರಿದ ಕೆಲವು ವಾರಗಳಿಗೆ, ಕಟ್ಟಡದ ಗುತ್ತಿಗೆದಾರ ಮೈತೆನ್ ಮರವನ್ನು ಕಡಿಯಬೇಕು ಎಂದ. ಹೊಸ ಕಟ್ಟಡಕ್ಕೆ ಹೊರಗಿನ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ನೆಲದಡಿಯಲ್ಲಿ ಇಳಿಜಾರಿನವರೆಗೆ ಒಯ್ಯಬೇಕಿತ್ತು. ಕಾಲುವೆ ತೋಡಿದರೆ ಮರದ ಬೇರು ಉಳಿಯುತ್ತಿರಲಿಲ್ಲ. ಅಂದು ಮಿರೇಯಾ ಸಭೆಯಲ್ಲಿ ಎಂದೂ ಮಾತಾಡದ ಹಾಗೆ ಮಾತಾಡಿದಳು. ಕಾಲುವೆಯೇ ಯಾಕೆ ಬೇಕು? ಕೊಳವೆಯನ್ನು ನೆಲಕ್ಕಿಳಿಸದೆ ಗೋಡೆಯಲ್ಲೇ ಬಾಯಿ ತೆರೆದರಾಯಿತು, ಮರದ ಎದುರಿಗೆ, ಆ ಕಡೆ ಗಾಳಿಯೂ ಸ್ವಚ್ಛ. ಮರ ಉಳಿದರೆ ಆರೂ ಕಟ್ಟಡಗಳ ಲೆಕ್ಕಕ್ಕೆ ಅದು ಬರುತ್ತದೆ. ಅವಳು ಆಗಲೇ ಚಿತ್ರ ಬರೆದು ತಂದಿದ್ದಳು.

ದೋನ್ ಉಂಬೆರ್ತೊ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿದ. “ಈ ಹೆಂಗಸು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದದ್ದು ನಮ್ಮ ಪುಣ್ಯ. ಇಲ್ಲದಿದ್ರೆ ನನ್ನ ಕುರ್ಚಿ ಎಂದೋ ಹೋಗ್ತಿತ್ತು,” ಎಂದು ಎಲ್ಲರನ್ನೂ ನಗಿಸಿ ಒಪ್ಪಿಗೆ ಕೊಟ್ಟ. ಗುತ್ತಿಗೆದಾರನಿಗೂ ಖರ್ಚು ಉಳಿಯಿತು. ಆ ಸಂಜೆ ಮಿರೇಯಾ ಮರದ ಕೆಳಗೆ ಹೋಗಿ, “ನಿನ್ನ ಮರ ಉಳೀತು ಅಣ್ಣ,” ಎಂದಳು. ನಿಬಾಲ್ದೊ ಸಿಗರೇಟು ಮುಗಿಸಿಯಾಗಿತ್ತು. ಅವಳ ಕೋಟಿಗೆ ಅಂಟಿದ್ದ ಎಲೆಯೊಂದನ್ನು ಮಾತ್ರ ಬೆರಳಿಂದ ಬಿಡಿಸಿ ತೆಗೆದ.

ಅಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳ ಒಂದು ಮಧ್ಯಾಹ್ನ ಹೊಸ ಕಟ್ಟಡದ ಗಾಳಿಯಂತ್ರವನ್ನು ಮೊದಲ ಸಲ ಚಾಲೂ ಮಾಡಿದರು. ಅದನ್ನು ನೋಡಲೆಂದೇ ಇಗ್ನಾಸಿಯೊ ಮತ್ತೆ ಬಂದಿದ್ದ. ಕೊಲ್ಲಿಯಿಂದ ಮಂಜು ಎದ್ದು ಅರ್ಧ ಗುಡ್ಡವನ್ನು ಮುಚ್ಚಿತ್ತು. ನಾಲ್ಕರ ಹೊತ್ತಿಗೆ ಅವನು ಕೆಳಗಿನ ಅಂಗಡಿಯಿಂದ ಕುಂಬಳ ಕಲಸಿ ಪೂರಿಯಂತೆ ಕರಿದ ಬಿಸಿ ಸೋಪೈಪಿಯ ಪೊಟ್ಟಣ ಹಿಡಿದು ಮರದ ಹತ್ತಿರ ಬಂದ. ಕರಿದ ಎಣ್ಣೆಯ ವಾಸನೆಗೆ ಗಂಡಸರೆಲ್ಲ ತಿರುಗಿದರು.

“ಯಾರ್ಯಾರಿಗೆ ಬೇಕು?” ಎಂದ.

“ಕೇಳೋದೇನು, ಹಂಚು,” ಎಂದ ವೆನ್ಸೆಸ್ಲಾವೊ. ಅವನು ಅಲ್ಲಿನ ಅತಿ ಹಳೆಯ ರೋಗಿ, ತನ್ನನ್ನು ಆಸ್ಪತ್ರೆಯ ನಿಜವಾದ ನಿರ್ದೇಶಕ ಎಂದು ತಿಳಿದಿದ್ದವನು. “ಅರ್ಜಿ ಬರ್ಕೊಡ್ಬೇಕಾ ನಿಂಗೆ?”

ಇಲ್ದಾ ನಗುತ್ತ, ಕೆಮ್ಮುತ್ತ, ನಿಬಾಲ್ದೊನ ಬೆರಳಿಗೆ ಸಿಗರೇಟು ಇಟ್ಟಳು. ಮಿರೇಯಾ ಬೆಂಚಿನಲ್ಲಿ ಅವನ ಪಕ್ಕ ಕೂತಳು. ಹಿಂದಿನ ದಿನ ಅವನು ಅಮ್ಮ ಗಿರಣಿಯಿಂದ ಉಣ್ಣೆಯ ತುಂಡುಗಳನ್ನು ಲಂಗದ ಒಳಜೇಬಿನಲ್ಲಿ ತರುತ್ತಿದ್ದಳು ಎಂಬಲ್ಲಿಗೆ ನಿಲ್ಲಿಸಿದ್ದ.

“ದಿನಾ ಒಂದು ಹಿಡಿ,” ನಿಬಾಲ್ದೊ ಶುರುಮಾಡಿದ. “ಸಿಕ್ಕಿದ ಬಣ್ಣ. ನಿಂಗೆ ಸ್ವೆಟರು ಹೆಣೀಬೇಕು ಅಂತ. ದೀಪದ ಎಣ್ಣೆ ಖರ್ಚಾಗತ್ತೆ ಅಂತ ಅಜ್ಜಿ ಗೊಣಗಿದ್ರೆ, ಕತ್ತಲಲ್ಲೇ ಹೆಣೆಯೋಳು. ನಾನು ಉಂಡೆ ಹಿಡ್ಕೊಂಡು ಕೂರ್ತಿದ್ದೆ. ಒಂದು ತೋಳು ಹಸಿರು. ಇನ್ನೊಂದು ತೋಳಿಗೆ ಹಸಿರು ಸಾಲಲಿಲ್ಲ, ಬೂದಿ ಬಣ್ಣ ಹಾಕಿದ್ಲು. ಮೈಗೆ…”

ಆಗ ಮಿರೇಯಾ ಹೊಗೆಯನ್ನು ನೋಡಿದಳು. ಗಾಳಿ ಇಲ್ಲದ ದಿನ; ಮಂಜು ಇದ್ದಲ್ಲೇ ನಿಂತಿತ್ತು. ಆದರೆ ಅಣ್ಣನ ಸಿಗರೇಟಿನಿಂದೆದ್ದ ಹೊಗೆ ಮೇಲಕ್ಕೆ ಹೋಗಲಿಲ್ಲ. ದಾರದ ಹಾಗೆ ಅಡ್ಡಕ್ಕೆ ತಿರುಗಿ, ನಡುವಿನ ಜಾಗ ದಾಟಿ, ಹೊಸ ಗೋಡೆಯ ಜಾಲರಿಯೊಳಗೆ ಹೋಗುತ್ತಿತ್ತು. ಉಳಿದವರ ಹೊಗೆಯೂ ಅದರ ಹಿಂದೆಯೇ ಹೊರಟಿತ್ತು. ಗೋಡೆಯೇ ಸೇದುತ್ತಿರುವಂತಿತ್ತು.

ಅವಳು ಎದ್ದು ನಿಂತಳು. ನಿಬಾಲ್ದೊ ಮಾತು ನಿಲ್ಲಿಸಿ ಅವಳ ಮುಖ ನೋಡಿದ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಬಾಗಿಲುಗಳಿಗೆ ವೃತ್ತ ಎಳೆದಿದ್ದಳು, ಕಿಟಕಿಗಳಿಗೆ ಎಳೆದಿದ್ದಳು. ಮರ ಉಳಿಸಲು ತಾನೇ ತೆರೆಸಿದ ಬಾಯಿಗೆ ಎಳೆದಿರಲಿಲ್ಲ. ಆ ಹಾಳೆ ಮುಗಿಯಿತೆಂದು ಕಟ್ಟಿಟ್ಟ ಮೇಲೆ ಮತ್ತೆ ಬಿಚ್ಚಿಯೇ ಇರಲಿಲ್ಲ.

ಹೆಜ್ಜೆ ಹಾಕಿ ಅಳೆಯಬೇಕಾಗಿರಲಿಲ್ಲ. ಬೆಂಚಿನಿಂದ ಜಾಲರಿಗೆ ಉದ್ದಕ್ಕೆ ಒಂದು ಮಂಚ ಹಾಕಿದರೆ ಇನ್ನೊಂದಕ್ಕೆ ಜಾಗ ಸಾಲದು; ಏಳೂವರೆ ಮೀಟರು ದೂರದ ಮಾತು.

ಸಿಗರೇಟು ಸುಟ್ಟು ಮುಗಿಯಿತು. ಇಲ್ದಾ ತುಂಡನ್ನು ಅವನ ಬೆರಳಿಂದ ಬಿಡಿಸಿಕೊಂಡು ಮರಳಿಗೆ ಒತ್ತಿದಳು. ಗಂಡಸರು ಎಣ್ಣೆಗೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ಇಗ್ನಾಸಿಯೊ ಮಾತ್ರ ಖಾಲಿ ಪೊಟ್ಟಣವನ್ನು ಮಡಚುತ್ತ, ಮಡಚಿದ್ದನ್ನು ಮತ್ತೆ ಮಡಚುತ್ತ ನಿಂತಿದ್ದ. ಅವನೂ ನೋಡಿದ್ದ.

“ಕಿಂಡಿಯನ್ನ ಬೇರೆ ಕಡೆಗೆ ತಿರುಗಿಸಕ್ಕಾಗತ್ತಾ?” ಮಿರೇಯಾ ಕೇಳಿದಳು.

“ಗೋಡೆ ಒಡೀಬೇಕು. ಕೊಳವೆಯೆಲ್ಲ ಮುಚ್ಚಿಯಾಗಿದೆ. ಈ ವರ್ಷದ ಮಾತಲ್ಲ.”

“ಆ ಹೊತ್ತಿಗೆ ಯಂತ್ರ ನಿಲ್ಲಿಸಿದ್ರೆ?”

“ನಿಂತಿದ್ರೂ ಕಿಂಡಿ ಕಿಂಡಿಯೇ, ಸೆನ್ಯೊರಾ. ಪ್ರಮಾಣಪತ್ರದವರು ದೂರ ನೋಡ್ತಾರೆ, ಯಂತ್ರ ನೋಡಲ್ಲ.” ಅವನು ದನಿ ತಗ್ಗಿಸಿದ. “ನೋಡಿ, ಆ ಹಾಳೆ ನಿಮ್ಮದು. ಅದು ಮುಗಿದಿದೆ ಅಂತ ನಾನು ಆಗಲೇ ಬರೆದಿದೀನಿ. ಗೋಡೆ ಚಿತ್ರ ಬೇರೆ ಕಡತದಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋರು ಯಾರೂ ಇಲ್ಲ. ನಾನು ಇವತ್ತು ಸೋಪೈಪಿಯ ತಿನ್ನಕ್ಕೆ ಬಂದಿದ್ದೆ, ಅಷ್ಟೆ.”

ಅವನ ವಯಸ್ಸಿಗೆ ಅದು ದೊಡ್ಡ ಮಾತು, ಕೆಲಸವನ್ನೇ ಪಣಕ್ಕಿಟ್ಟ ಮಾತು. ಮಿರೇಯಾ ಅವನ ತೋಳನ್ನೊಮ್ಮೆ ಒತ್ತಿದಳು.

“ಆ ಕಿಂಡಿ ಎಲ್ಲಿಗೆ ಹೋಗತ್ತೆ, ಇಗ್ನಾಸಿಯೊ?”

ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಮೂರನೇ ಕಟ್ಟಡದ ಮುದುಕಿಯರಲ್ಲಿ ಎದೆ ಕೆಟ್ಟವರನ್ನು ಮುಂದಿನ ಸೋಮವಾರ ಆ ಗೋಡೆಯ ಹಿಂದಿನ ಕೋಣೆಗೆ ತರುವುದಿತ್ತು. ಒಂದೊಂದು ಮಂಚ ಎಲ್ಲಿ ಬರಬೇಕೆಂದು ನಕ್ಷೆ ಹಾಕಿದವಳೂ ಅವಳೇ.

ಅವಳು ಕಚೇರಿಗೆ ಹೋಗಿ ಹಳೆಯ ಹಾಳೆಯನ್ನು ಬಿಚ್ಚಿದಳು. ಜಾಲರಿಯ ಜಾಗದಲ್ಲಿ ಮುಳ್ಳು ಊರಿದಳು. ಕೈವಾರ ಒಂದು ಸುತ್ತು ತಿರುಗಿತು, ಬಾದಾಮಿ ಮುಚ್ಚಿಹೋಯಿತು. ಹಾಳೆಯನ್ನು ಹಿಡಿದುಕೊಂಡು ದೋನ್ ಉಂಬೆರ್ತೊನ ಬಾಗಿಲು ತಟ್ಟಿದಳು.

ಅವನು ಬಹಳ ಹೊತ್ತು ಹಾಳೆ ನೋಡಿದ. ತಮಾಷೆ ಮಾಡಲಿಲ್ಲ. “ನಿಮ್ಮಣ್ಣ ಅಲ್ಲೇ ಅಲ್ವಾ ಕೂರೋದು?” ಎಂದ.

“ಅಲ್ಲೇ.”

“ಕೂತ್ಕೊಳ್ಳಿ ಮಿರೇಯಾ. ಒಂದು ನಿಮಿಷ ಕೂತ್ಕೊಂಡು ಹೋಗಿ.” ತನ್ನ ಕುರ್ಚಿಯನ್ನೇ ಅವಳ ಕಡೆ ತಿರುಗಿಸಿ, ತಾನು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ.

ಮರುದಿನ ಬೆಳಿಗ್ಗೆ ಮರದ ಕೆಳಗೆ ಸೇದಬಾರದೆಂಬ ಫಲಕ ಬಂತು. ನಾಲ್ಕು ಗಂಟೆಗೆ ಇಲ್ದಾ ಜೇಬಿನಿಂದ ಪುದೀನ ಮಿಠಾಯಿ ತೆಗೆದು ಹಂಚಿದಳು. ಒಬ್ಬ ಅದನ್ನು ಅವಳ ಕಾಲಬುಡಕ್ಕೆ ಎಸೆದ. ಇನ್ನೊಬ್ಬ ಅತ್ತ. ವೆನ್ಸೆಸ್ಲಾವೊ ಫಲಕದ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿದ.

“ಆರೋಗ್ಯಕ್ಕೆ ಹಾನಿ ಅಂತೆ. ಐವತ್ತು ವರ್ಷ ಹುಚ್ಚ ಅಂತ ಬೀಗ ಹಾಕಿಟ್ರಿ, ಈಗ ಆರೋಗ್ಯ ವಿಚಾರಿಸ್ತೀರಾ? ಇದಕ್ಕೆ ನಾನು ಸಹಿ ಹಾಕಿಲ್ಲ, ತಿಯಾ.”

“ಹಾಕದೇ ಇದ್ರೆ ಬಿಡಿ, ನಿರ್ದೇಶಕರೇ. ಮಿಠಾಯಿ ಮಾತ್ರ ತಗೊಳ್ಳಿ,” ಎಂದಳು ಇಲ್ದಾ. ಅವಳ ಕಣ್ಣು ಕೆಂಪಗಿತ್ತು.

ನಿಬಾಲ್ದೊ ಮಿಠಾಯಿಯನ್ನು ಎರಡು ಬೆರಳ ನಡುವೆ ಸಿಗರೇಟಿನ ಹಾಗೆ ಹಿಡಿದುಕೊಂಡು ಕೂತಿದ್ದ, ಅದು ಬೆರಳಿಗೆ ಅಂಟಿಕೊಳ್ಳುವ ತನಕ.

ಗೇಟಿನ ಆಚೆ ರಸ್ತೆಬದಿಯಲ್ಲಿ ಸೇದಬಹುದಿತ್ತು. ಅದು ಆಸ್ಪತ್ರೆಯ ನೆಲವಲ್ಲ. ಮಿರೇಯಾ ಕೇಳಿದ ತಕ್ಷಣ ಡಾಕ್ಟರು ಹೊರಗೆ ಹೋಗಲು ಚೀಟಿ ಬರೆದುಕೊಟ್ಟರು. ಭಾನುವಾರ ಮಿರೇಯಾ ಅಣ್ಣನಿಗೆ ಒಳ್ಳೆಯ ಕೋಟು ತೊಡಿಸಿ, ಕೈ ಹಿಡಿದು ಇಳಿಜಾರಿನಲ್ಲಿ ನಡೆಸಿಕೊಂಡು ಹೋದಳು. ಇಲ್ದಾ ತನ್ನ ರಜಾದಿನ ಬಿಟ್ಟು ಜೊತೆಗೆ ಬಂದಿದ್ದಳು. ಗೇಟಿನವರೆಗೆ ನಿಬಾಲ್ದೊ ಚೆನ್ನಾಗಿಯೇ ನಡೆದ. ಕಾವಲುಗಾರ ಗೇಟನ್ನು ಪೂರ್ತಿ ತೆರೆದು, ಟೋಪಿ ತೆಗೆದು, “ಬನ್ನಿ ದೋನ್ ನಿಬಾಲ್ದೊ, ಹೊರಗೆ ಬಿಸಿಲಿದೆ,” ಎಂದ. ನಿಬಾಲ್ದೊ ನೆಲದಲ್ಲಿ ಗೇಟು ಸರಿದಾಡುವ ಕಬ್ಬಿಣದ ಪಟ್ಟಿಯನ್ನು ನೋಡಿದ. ಕೈಗಳನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ತಿರುಗಿ ಮೆಲ್ಲಗೆ ಗುಡ್ಡ ಹತ್ತತೊಡಗಿದ.

“ಇನ್ನೊಂದ್ಸಲ ನೋಡೋಣ,” ಎಂದಳು ಇಲ್ದಾ.

ಇನ್ನೊಂದು ಸಲವೂ ಆಯಿತು, ಅದರ ನಂತರವೂ. ಪಟ್ಟಿಯ ಈಚೆಗೇ ಅವನ ಲೋಕ ಮುಗಿಯುತ್ತಿತ್ತು.

ಜುಲೈ ಕೊನೆಗೆ ಪ್ರಮಾಣಪತ್ರ ಬಂತು. ಆರು ಕಟ್ಟಡಗಳಿಗೂ ಸೇರಿ ಒಂದೇ ಗಾಜಿನ ಫಲಕ. ದೋನ್ ಉಂಬೆರ್ತೊ ಅದನ್ನು ಗೋಡೆಗೆ ಹಾಕಿಸಿದ. ಹಳೆಯ ಕಟ್ಟಡಗಳಿಗೆ ಹೊಸ ಕಿಟಕಿಗಳು ಬರತೊಡಗಿದವು. ಎದೆ ಕೆಟ್ಟ ಮುದುಕಿಯರ ಕೋಣೆಗೆ ಮಿರೇಯಾ ಹೋದಾಗ ದೋನ್ಯಾ ಕುಸ್ತೋದಿಯಾ ತನ್ನ ಹೊದಿಕೆ ಸರಿಸಿ ಬರಿಗಾಲು ತೋರಿಸಿದಳು.

“ಮುಟ್ಟಿ ನೋಡೇ. ಕಾಲುಚೀಲ ಇಲ್ಲ. ಮೂವತ್ತು ವರ್ಷದಲ್ಲಿ ಈ ಕಾಲು ಹೀಗೆ ಬೆಚ್ಚಗಿದ್ದದ್ದು ಇದೇ ಮೊದಲು. ಇದನ್ನೆಲ್ಲ ನೀನೇ ಮಾಡ್ಸಿದ್ದಂತೆ?”

“ಎಲ್ಲರೂ ಸೇರಿ ಮಾಡಿದ್ದು, ದೋನ್ಯಾ.” ಮಿರೇಯಾ ಆ ಕಾಲನ್ನು ಮುಟ್ಟಿದಳು. ನಿಜವಾಗಿಯೂ ಬೆಚ್ಚಗಿತ್ತು.

ಅಲ್ಲಿಂದ ಹೊರಬಂದಾಗ ನಾಲ್ಕು ಗಂಟೆಯಾಗಿತ್ತು. ಉಳಿದ ಗಂಡಸರು ಮರದ ಹತ್ತಿರ ಬರುವುದನ್ನು ಬಿಟ್ಟಿದ್ದರು. ಒಳಗೆ ಟಿವಿ ಮುಂದೆ ಕೂರುತ್ತಿದ್ದರು. ನಿಬಾಲ್ದೊ ಮಾತ್ರ ದಿನವೂ ಬರುತ್ತಿದ್ದ. ಬೆಂಚು ತೆಗೆದಿದ್ದರು. ಅವನು ಮರದ ಬುಡದಲ್ಲಿ ಕಾಂಡಕ್ಕೊರಗಿ ಕೂತಿದ್ದ. ಪಕ್ಕದಲ್ಲಿ ಇಲ್ದಾ ನಿಂತಿದ್ದಳು. ಕಟುವಾದ ಚಳಿ. ಮಿರೇಯಾ ತನ್ನ ಶಾಲನ್ನು ಅವನ ಕೊರಳಿಗೆ ಸುತ್ತಿ ಪಕ್ಕದಲ್ಲಿ ಕೂತಳು.

“ಅಣ್ಣ. ಮೈಗೆ ಯಾವ ಬಣ್ಣ ಹಾಕಿದ್ಲು?”

ಜೂನ್ ತಿಂಗಳಿನಿಂದ ಅವಳು ದಿನವೂ ಇದನ್ನೇ ಕೇಳುತ್ತಿದ್ದಳು. ನಿಬಾಲ್ದೊ ಕೊಲ್ಲಿಯ ಕಡೆ ನೋಡುತ್ತಿದ್ದ.

ಇಲ್ದಾ ಆಚೀಚೆ ನೋಡಿ ಬಗ್ಗಿದಳು. ಏಪ್ರನ್ನಿನ ಜೇಬಿನಿಂದ ಅವಳ ಮುಷ್ಟಿ ಹೊರಬಂತು. ಮುಷ್ಟಿಯೊಳಗೆ ಒಂದು ಸಿಗರೇಟು, ಲೈಟರು. “ಮರೀ, ಒಂದೇ ಒಂದು ಕೊಟ್ಬಿಡ್ತೀನಿ,” ಎಂದು ಮಿರೇಯಾಗೆ ಪಿಸುಗುಟ್ಟಿದಳು. “ಆ ಸ್ವೆಟರಿನ ಕತೆ ಮುಗೀಲಿ. ಯಾರಿಗೂ ಗೊತ್ತಾಗಲ್ಲ. ಕೇಳಿದ್ರೆ ನಾನೇ ಸೇದಿದೆ ಅಂತೀನಿ. ಈ ವಯಸ್ಸಲ್ಲಿ ನನ್ನ ಏನ್ ಮಾಡ್ತಾರೆ?”

ಮಿರೇಯಾ ಲೈಟರನ್ನು ನೋಡಿದಳು. ಆಮೇಲೆ ಗೋಡೆಯನ್ನು. ಜಾಲರಿಯ ಪಕ್ಕದ, ತೆರೆಯಲು ಬಾರದ ಹೊಸ ಗಾಜಿನ ಹಿಂದೆ ದೋನ್ಯಾ ಕುಸ್ತೋದಿಯಾ ದಿಂಬಿಗೊರಗಿ ಕೂತು ಅವರತ್ತ ಕೈಬೀಸುತ್ತಿದ್ದಳು. ಮಿರೇಯಾ ತಾನೂ ಕೈ ಎತ್ತಿದಳು. ಅದೇ ಕೈಯನ್ನು ಇಳಿಸಿ ಇಲ್ದಾಳ ಮುಷ್ಟಿಯ ಮೇಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು.

ಇಲ್ದಾ ಕೈಯನ್ನು ಜೇಬಿಗೆ ಹಾಕಿಕೊಂಡಳು. “ಟೀ ತರ್ತೀನಿ,” ಎಂದು ಅಡುಗೆಮನೆಯತ್ತ ನಡೆದಳು.

ಗೋಡೆಯೊಳಗೆ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಉದುರಿದ ಎಲೆಗಳು ನಾಲ್ಕಾರು ಜಾಲರಿಗೆ ಅಂಟಿಕೊಂಡು ಅಲ್ಲೇ ಅದುರುತ್ತಿದ್ದವು. ನಿಬಾಲ್ದೊ ಬಲಗೈಯನ್ನು ಮೇಲೆತ್ತಿದ. ಎರಡು ಬೆರಳುಗಳನ್ನು ತುಟಿಗೆ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಮಿರೇಯಾ ಅವನ ಕಡೆ ವಾಲಿ ಕಾದಳು.

ಅವನು ಬಾಯಿ ತೆರೆದ. ಚಳಿಗೆ ಅವನ ಉಸಿರು ಬೆಳ್ಳಗೆ ಹೊರಬಂದು, ಮರದ ಕೆಳಗೆ ಒಂದಿಷ್ಟು ಹೊತ್ತು ನಿಂತು, ಮೆಲ್ಲಗೆ ಗೋಡೆಯತ್ತ ತಿರುಗಿ ಜಾಲರಿಯೊಳಗೆ ಹೋಯಿತು.